ಚಿಕ್ಕಮಾದಯ್ಯನ ಹನ್ನೊಂದು ನಡುಗಡ್ಡೆ

ಮೈಸೂರಿನಲ್ಲಿ ಕಾಡುಪ್ರಾಣಿ ನೋಡಬೇಕೆಂದರೆ ಎರಡು ಜಾಗಗಳಿವೆ. ಒಂದು, ಲೋಕಕ್ಕೆಲ್ಲ ಗೊತ್ತಿರುವ ಮೃಗಾಲಯ. ಅಲ್ಲಿ ಟಿಕೆಟ್ಟು ತೆಗೆದುಕೊಳ್ಳಬೇಕು, ಮಂಗಳವಾರ ಪ್ರಾಣಿಗಳಿಗೆ ರಜೆ. ಇನ್ನೊಂದು, ಬೋಗಾದಿಯ ಒಂದು ಪುಟ್ಟ ಶಾಲೆಯ ಅಂಗಳದ ಗೋಡೆ. ಅಲ್ಲಿ ಟಿಕೆಟ್ಟಿಲ್ಲ, ರಜೆಯಿಲ್ಲ, ಅಲ್ಲಿರುವ ಒಂದು ಪ್ರಾಣಿಯೂ ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಗೋಡೆ ಅರವತ್ತು ಅಡಿ ಉದ್ದ ಎಂದು ಶಾಲೆಯ ಕಾಗದಪತ್ರ ಹೇಳುತ್ತದೆ. ನಾನು ನಂಬುವುದಿಲ್ಲ. ಒಮ್ಮೆ ಹೊಸ ಚಪ್ಪಲಿ ಮೆಟ್ಟಿಕೊಂಡು ಆ ಗೋಡೆಯನ್ನು ನೋಡುತ್ತ ಈ ತುದಿಯಿಂದ ಹೊರಟವನು ಆ ತುದಿ ಮುಟ್ಟುವಷ್ಟರಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು.

ಈ ಗೋಡೆಯನ್ನು ಸೃಷ್ಟಿಸಿದವರು ಚಿಕ್ಕಮಾದಯ್ಯ. ಅರವತ್ತೊಂಬತ್ತು ವರ್ಷ, ಸುಣ್ಣಬಣ್ಣದ ಕಸುಬು, ನಮ್ಮ ಬೀದಿಯ ಕೊನೆಯ ಮನೆ. ಅವರ ಅಂಗಿಯ ಮೇಲೆ ಮೈಸೂರಿನ ಅರ್ಧ ಮನೆಗಳ ಬಣ್ಣದ ಚುಕ್ಕೆಗಳಿವೆ. ಯಾವುದಾದರೂ ಮನೆಯವರಿಗೆ ಹಳೆಯ ಬಣ್ಣದ ಹೆಸರು ಮರೆತರೆ ಅವರನ್ನು ಕರೆಸಿ ಬೆನ್ನು ತಿರುಗಿಸಿ ನೋಡಿಕೊಂಡರೆ ಸಾಕು.

ಚಿಕ್ಕಮಾದಯ್ಯ ಕಡಕೊಳದ ಆಚೆಯ ಹಳ್ಳಿಯವರು. ಹದಿನೈದು ವರ್ಷದವರೆಗೆ ಊರಿನ ದನ ಕಾದರು. ದನ ಕಾಯುವವನು ದನದ ಹಿಂದೆ ನಡೆಯುತ್ತಾನೆ. ಮುಂದೆ ನಡೆದರೆ ದನವೇ ಅವನನ್ನು ಕಾಯುತ್ತಿದೆ ಎಂದು ಅರ್ಥ. ಹೀಗಾಗಿ ಚಿಕ್ಕಮಾದಯ್ಯ ಪ್ರಾಣಿಸಂಕುಲವನ್ನು ಕಂಡದ್ದೆಲ್ಲ ಹಿಂದಿನಿಂದಲೇ. ಬಾಲದ ಕುಚ್ಚು, ತೊಡೆಯ ಮಡಿಕೆ, ಗೊರಸು ಎತ್ತಿ ಇಡುವ ರೀತಿ, ಇವೆಲ್ಲ ಅವರಿಗೆ ಕಂಠಪಾಠ. ಮುಖ ಮಾತ್ರ, ದನ ನೀರಿಗೆ ಬಗ್ಗಿದಾಗ ಆಚೆ ದಡದಿಂದ ಕಂಡದ್ದೆಷ್ಟೋ ಅಷ್ಟೆ.

ಮುಂದೆ ಅವರು ಮೈಸೂರಿಗೆ ಬಂದು ಬ್ರಷ್ ಹಿಡಿದಾಗಲೂ ಈ ವಿದ್ಯೆ ಕೈಬಿಡಲಿಲ್ಲ. ಯಾವ ಪ್ರಾಣಿಯನ್ನೇ ಬರೆಯಲಿ, ಬಾಲದಿಂದ ಶುರು. ಬಾಲ ಎಂದರೆ ಅಂಥ ಬಾಲ, ನೊಣ ಹತ್ತಿರ ಬರಲು ಹೆದರಬೇಕು. ಆಮೇಲೆ ಬೆನ್ನು, ಹೊಟ್ಟೆ, ಎಲ್ಲವೂ ಧಾರಾಳ. ಕತ್ತಿನ ಹತ್ತಿರ ಬರುವಷ್ಟರಲ್ಲಿ ಗೋಡೆ ಮುಗಿದಿರುತ್ತಿತ್ತು. ಇಲ್ಲವೇ ಎದುರಿಗೆ ಒಂದು ಕಿಟಕಿ, ಒಂದು ಪೈಪು, ಒಂದು ಗೇಟು ಅಡ್ಡ ನಿಂತಿರುತ್ತಿತ್ತು. ಮೊದಲೇ ಅಳತೆ ಮಾಡಿಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. "ದನ ಅಳತೆ ಮಾಡ್ಕಂಡು ಉಟ್ತದಾ ಸಾಮಿ?" ಎಂದರು.

ಇಪ್ಪತ್ತೆರಡು ವರ್ಷದ ಹಿಂದೆ ಚಾಮುಂಡಮ್ಮ ಟೀಚರು ಬೋಗಾದಿಯ ತಮ್ಮ ಮನೆಯಲ್ಲೇ ಶಾಲೆ ತೆರೆದರು. ಆಗ ಸುತ್ತಮುತ್ತ ಹುರುಳಿ ಹೊಲ, ಅಲ್ಲಲ್ಲಿ ಸೈಟಿನ ಕಲ್ಲು. ಅಂಗಳದ ಗೋಡೆಯ ಮೇಲೆ ಮಕ್ಕಳು ನೋಡಿ ಕಲಿಯುವ ಹಾಗೆ ಆನೆ, ಕುದುರೆ, ಜಿರಾಫೆ, ಹುಲಿ ಬರೆಯಬೇಕೆಂದು ಚಿಕ್ಕಮಾದಯ್ಯನವರಿಗೆ ಒಪ್ಪಿಸಿದರು. ತವರಿಗೆ ಹೋಗಿದ್ದವರು ಎಂಟು ದಿನ ಬಿಟ್ಟು ಬಂದು ನೋಡಿದಾಗ ಅವರ ಕೈಯಲ್ಲಿದ್ದ ತರಕಾರಿ ಚೀಲ ಕೆಳಗೆ ಬಿತ್ತಂತೆ.

ಕುದುರೆಯ ಕತ್ತಿನ ಜಾಗದಲ್ಲಿ ನಲ್ಲಿ ಇತ್ತು. ಚಿಕ್ಕಮಾದಯ್ಯ ಅದನ್ನು ಕುದುರೆಯ ಬಾಯಿಗೇ ಇಟ್ಟುಬಿಟ್ಟಿದ್ದರು. ಜಿರಾಫೆಯ ಕತ್ತು ಗೋಡೆಯ ನೆತ್ತಿಗೆ ತಗುಲಿ, ಅಡ್ಡಡ್ಡವಾಗಿ ಆರಡಿ ಹೋಗಿ, ಮತ್ತೆ ಕೆಳಗಿಳಿದು, ತನ್ನ ಬೆನ್ನನ್ನೇ ನೋಡಿಕೊಳ್ಳುತ್ತಿತ್ತು. ಹುಲಿಯ ಹೊಕ್ಕುಳಿನಲ್ಲಿ ಶಾಲೆಯ ಗಂಟೆಯ ಸ್ವಿಚ್ಚು. ಆನೆಯಂತೂ ಅರ್ಧಕ್ಕೇ ಗೇಟು ಬಂದು ನಿಂತುಹೋಗಿತ್ತು.

"ಇದ್ಯಾವ ಪ್ರಾಣಿ ಚಿಕ್ಕಮಾದಯ್ಯ?"

"ಇವು ನಮ್ ಕಡೇವಲ್ಲ ಟೀಚರೇ," ಎಂದರು ಚಿಕ್ಕಮಾದಯ್ಯ, ಬ್ರಷ್ ತೊಳೆಯುತ್ತ. "ನಡುಗಡ್ಡೇವು."

"ಯಾವ ನಡುಗಡ್ಡೆ?"

ಸಮುದ್ರವನ್ನು ಚಿಕ್ಕಮಾದಯ್ಯ ಇಂದಿನವರೆಗೂ ನೋಡಿಲ್ಲ. ಅವರು ಕಂಡ ಅತಿ ದೊಡ್ಡ ನೀರು ಕುಕ್ಕರಹಳ್ಳಿ ಕೆರೆ. ಆದರೆ ಆ ಹೊತ್ತಿಗೆ ಅವರ ಕಣ್ಣು ಗೋಡೆಯ ಮೇಲ್ಭಾಗಕ್ಕೆ ಹೋಯಿತು. ಗೋಡೆಯಾಚೆ ಪಕ್ಕದ ಮನೆಯವರ ನೀರಿನ ತೊಟ್ಟಿ ಸೋರುತ್ತಿತ್ತು. ಅದರ ತೇವ ಈಚೆಗೆ ಏಳು ಕಲೆಗಳಾಗಿ ಎದ್ದಿತ್ತು, ಒಂದರ ಪಕ್ಕ ಒಂದು, ಸಾಲಾಗಿ. ಚಿಕ್ಕಮಾದಯ್ಯ ನೀಲಿ ಬಣ್ಣದಲ್ಲಿ ಬ್ರಷ್ ಅದ್ದಿ ಏಳು ಕಲೆಗಳ ಸುತ್ತಲೂ ಅಲೆ ಎಳೆದರು. "ಇವೇಯ. ಏಳು ನಡುಗಡ್ಡೆ."

ಚಾಮುಂಡಮ್ಮ ಟೀಚರು ದೊಡ್ಡ ಮನಸ್ಸಿನವರು, ಅದಕ್ಕಿಂತ ಹೆಚ್ಚಾಗಿ ಮಾರನೇ ದಿನವೇ ಶಾಲೆ ಶುರುವಾಗಬೇಕಿತ್ತು. ಒಪ್ಪಿಕೊಂಡರು. ತೊಟ್ಟಿಯವರು ಇಪ್ಪತ್ತೆರಡು ವರ್ಷದಲ್ಲಿ ಅದನ್ನು ರಿಪೇರಿ ಮಾಡಿಸಲಿಲ್ಲ. ಹೀಗಾಗಿ ನಡುಗಡ್ಡೆಗಳು ಏಳಿದ್ದದ್ದು ಒಂಬತ್ತಾಗಿ, ಕಳೆದ ಮಳೆಗಾಲಕ್ಕೆ ಹನ್ನೊಂದಾದವು. ಭೂಪಟದಲ್ಲಿ ಇಷ್ಟು ಬೇಗ ಬೆಳೆದ ದೇಶ ಇನ್ನೊಂದಿರಲಾರದು.

ಪ್ರತಿ ಬೇಸಿಗೆಯಲ್ಲೂ ಚಿಕ್ಕಮಾದಯ್ಯ ಬಂದು ಒಂದೆರಡು ಹೊಸ ಪ್ರಾಣಿ ಸೇರಿಸುತ್ತಿದ್ದರು. ಆದರೆ ಕಣ್ಣು ಮಾತ್ರ ಬರೆಯುತ್ತಿರಲಿಲ್ಲ. ಅವರ ಊರಿನಲ್ಲಿ ದೇವರಿಗೆ ಬಣ್ಣ ಬಳಿಯುವವರು ಕಣ್ಣನ್ನು ಕೊನೆಗೆ ಇಡುತ್ತಾರೆ, ಅದೂ ಊರವರು ಎದುರು ನಿಂತಾಗ. ಚಿಕ್ಕಮಾದಯ್ಯನಿಗೆ ಊರವರೆಂದರೆ ಮಕ್ಕಳು. ಜೂನ್ ತಿಂಗಳು ಶಾಲೆ ತೆರೆದ ದಿನ ಹೋಗಿ ಹೊಸ ಪ್ರಾಣಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. "ಇದರ ಎಸರೇನು? ಏನ್ ತಿನ್ತದೆ? ಇವೆರಡು ಏಳ್ರಿ, ಆಮೇಲೆ ಕಣ್ಣು." ಮಕ್ಕಳು ಹೆಸರು ಹೇಳಿ, ಊಟ ಹೇಳಿದ ಮೇಲೆಯೇ ಕಪ್ಪು ಬಣ್ಣದಲ್ಲಿ ಒಂದು ಗುಂಡನೆಯ ಕಣ್ಣು, ಅದರೊಳಗೆ ಒಂದು ಬಿಳಿ ಚುಕ್ಕೆ.

ಈ ಪದ್ಧತಿಯಿಂದ ಎರಡು ಪರಿಣಾಮಗಳಾದವು. ಮೊದಲನೆಯದು, ಆ ನಡುಗಡ್ಡೆಗಳ ಸಮಸ್ತ ಪ್ರಾಣಿಗಳೂ ಉಪ್ಪಿಟ್ಟು ಮತ್ತು ಹುರುಳಿಕಾಯಿ ಪಲ್ಯ ಮಾತ್ರ ತಿನ್ನುತ್ತವೆ. ಮಕ್ಕಳ ಡಬ್ಬಿಯಲ್ಲಿ ಮಿಗುವುದು ಅವೆರಡೇ. ಎರಡನೆಯದು, ಪ್ರಾಣಿಗಳಿಗೆ ಮಾಯೆ ಬಂತು. ನಲ್ಲಿಗುದುರೆ ಊರಿಗೆಲ್ಲ ನೀರು ಕುಡಿಸುತ್ತದೆ, ತಾನು ಕುಡಿಯುವುದಿಲ್ಲ. ಗಂಟೆಹುಲಿ ಗರ್ಜಿಸುವುದಿಲ್ಲ, ಹೊಕ್ಕುಳು ಒತ್ತಿದರೆ ಗಂಟೆ ಹೊಡೆದು ಎಲ್ಲರನ್ನೂ ಮನೆಗೆ ಕಳಿಸುತ್ತದೆ. ಮಕ್ಕಳು ಅತ್ಯಂತ ಗೌರವಿಸುವ ಪ್ರಾಣಿ ಅದೇ. ಆನೆಯ ವಿಷಯ ಇನ್ನೂ ದೊಡ್ಡದು. ಗೇಟಿನ ಈಚೆ ಹಿಂಭಾಗವಿದೆ, ತಲೆಗೆ ಜಾಗವಿಲ್ಲ. ಕಣ್ಣಿಲ್ಲದೆ ಬಿಡಲು ಮಕ್ಕಳು ಒಪ್ಪಲಿಲ್ಲ. ಕೊನೆಗೆ ಗೇಟಿನ ಆಚೆಯ ಕಂಬದ ಮೇಲೆ ಬರೀ ಒಂದು ಕಣ್ಣು ಬರೆದರು. ನಡುವಿನ ಆನೆ ಕಣ್ಣಿಗೆ ಕಾಣುವುದಿಲ್ಲವಂತೆ, ಆದರೆ ಇರುತ್ತದಂತೆ. ಅಂದರೆ ಇಪ್ಪತ್ತೆರಡು ವರ್ಷದಿಂದ ಆ ಶಾಲೆಯ ಮಕ್ಕಳು, ಟೀಚರು, ಹಾಲಿನವನು, ಕರೆಂಟ್ ಬಿಲ್ಲಿನವನು, ಎಲ್ಲರೂ ಆನೆಯ ಹೊಟ್ಟೆಯೊಳಗಿಂದಲೇ ಹಾದು ಒಳಗೆ ಬಂದಿದ್ದಾರೆ. ಮಕ್ಕಳು ಆ ಜಾಗದಲ್ಲಿ ನಿಲ್ಲುವುದಿಲ್ಲ. ಆನೆಗೆ ಹೊಟ್ಟೆ ನೋಯುತ್ತದೆ.

ಹೀಗೆ ಮೂವತ್ತೊಂದು ಪ್ರಾಣಿ, ಮೂವತ್ತೊಂದು ಕಣ್ಣು. ಚಿಕ್ಕಮಾದಯ್ಯ ಮೈಸೂರಿನಲ್ಲಿ ಬಳಿದ ಗೋಡೆಗಳಿಗೆ ಲೆಕ್ಕವಿಲ್ಲ. ಎಲ್ಲದರ ಮೇಲೂ ಆಮೇಲೆ ಬೇರೆ ಯಾರೋ ಬೇರೆ ಬಣ್ಣ ಬಳಿದಿದ್ದಾರೆ. ಉಳಿದಿದ್ದು ಇದೊಂದೇ. ಮೂರು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಕಾಫಿ ಲೋಟ ಕೊಟ್ಟರೆ ಅರ್ಧ ಕಾಫಿ ಅಂಗಿಗೆ. ಇನ್ನೊಂದು ಗೋಡೆ ಬರೆಯುವ ಕೈ ಅದಲ್ಲ ಎಂದು ಅವರಿಗೂ ಗೊತ್ತು, ಹೆಂಡತಿ ಸೋಮಮ್ಮನಿಗೂ ಗೊತ್ತು.

ಗೋಡೆಗೆ ಗಂಡಾಂತರ ಬಂದದ್ದು ಕಳೆದ ಮಾರ್ಚಿನಲ್ಲಿ, ಅದೇ ಶಾಲೆಯ ವರ್ಷಿಣಿ ಎಂಬ ಐದೂವರೆ ವರ್ಷದ ವಿದುಷಿಯಿಂದ.

ವರ್ಷಿಣಿಯ ಅಪ್ಪ ಪ್ರಸಾದ್, ಕಡಕೊಳದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಮಗಳನ್ನು ಒಂದನೇ ತರಗತಿಗೆ ಕುವೆಂಪುನಗರದ ದೊಡ್ಡ ಶಾಲೆಗೆ ಸೇರಿಸಬೇಕೆಂಬ ಆಸೆ. ಅಲ್ಲಿ ಸಂದರ್ಶನ. ಮೇಡಂ ಒಬ್ಬರು ಆನೆಯ ಚಿತ್ರ ತೋರಿಸಿ "ಇದೇನು ಪುಟ್ಟಾ?" ಎಂದರು. ವರ್ಷಿಣಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಆನೆ. ಆದ್ರೆ ಗೇಟ್ ಎಲ್ಲಿ?" ಎಂದಳು. ಸೀಟು ಸಿಗಲಿಲ್ಲ. ನಿಜವಾದ ಪ್ರಾಣಿ ಪರಿಚಯವಾಗಲಿ ಎಂದು ಪ್ರಸಾದ್ ಅದೇ ಭಾನುವಾರ ಮೃಗಾಲಯಕ್ಕೆ ಕರೆದುಕೊಂಡು ಹೋದರು. ಜಿರಾಫೆಯ ಮುಂದೆ ಮಗು ಕಣ್ಣೀರಿಟ್ಟಿತು. "ಪಾಪ ಅಪ್ಪ, ಕತ್ತು ಉಳುಕಿ ನೆಟ್ಟಗಾಗ್ಬುಟ್ಟಿದೆ. ಡಾಕ್ಟರ್ ಕರೀರಿ." ಸುತ್ತ ನಿಂತಿದ್ದ ಜನ ನಕ್ಕರು. ಸೋಮವಾರ ಬೆಳಿಗ್ಗೆ ಪ್ರಸಾದ್ ಅವರ ಸ್ಕೂಟರು ಶಾಲೆಯ ಗೇಟಿನ ಮುಂದಿತ್ತು.

ಚಾಮುಂಡಮ್ಮ ಟೀಚರು ನಿವೃತ್ತರಾಗಿ ಈಗ ಅವರ ಸೊಸೆ ಧರಣಿ ಮೇಡಂ ಶಾಲೆ ನಡೆಸುತ್ತಾರೆ. ಕೆಟ್ಟವರಲ್ಲ. ಹೊಸ ಬಡಾವಣೆಗಳಲ್ಲಿ ಶಾಲೆಗಳು ನಾಯಿಕೊಡೆಯಂತೆ ಎದ್ದಿರುವಾಗ ಪುಟ್ಟ ಶಾಲೆ ನಡೆಸುವವರಿಗೆ ಒಬ್ಬ ಪೋಷಕ ಕೆಮ್ಮಿದರೂ ಜ್ವರ ಬರುತ್ತದೆ. ಚಿಕ್ಕಮಾದಯ್ಯನವರನ್ನು ಕರೆಸಿದರು.

"ಕೂತ್ಕೊಳಿ ತಾತ. ಕಾಫಿ ಕುಡೀತೀರಾ?"

"ಬ್ಯಾಡ ಮೇಡಂ, ಅಂಗಿ ಈಗ್ತಾನೆ ಒಗ್ಸಿವ್ನಿ. ಅದೇನು ಏಳಿ."

"ಗೋಡೆಗೆ ಬಿಳಿ ಸುಣ್ಣ ಹೊಡೀಬೇಕು. ಪೂರ್ತಿ. ಮೇಲೆ ಒಂದು ಫ್ಲೆಕ್ಸ್ ಹಾಕ್ಸ್ತೀನಿ. ನಿಜವಾದ ಸಿಂಹ, ನಿಜವಾದ ಜೀಬ್ರಾ, ಎಲ್ಲಾ ಫೋಟೋ."

ಚಿಕ್ಕಮಾದಯ್ಯ ಗೋಡೆಯ ಕಡೆ ತಿರುಗಿದರು. "ಯಾರ್ ಒಡೀತಾರೆ?"

"ನೀವೇ. ಇನ್ಯಾರನ್ನ ಕರೀಲಿ? ಬೇರೆಯವರು ಬಂದು ಇದನ್ನ ಅಳಿಸೋದು ನಂಗೂ ಇಷ್ಟ ಇಲ್ಲ."

"ಎಲ್ಲಾನೂವಾ?"

"ಎಲ್ಲಾ. ಬೇಜಾರ್ ಮಾಡ್ಕೋಬೇಡಿ ತಾತ. ರಜದಲ್ಲಿ ಮುಗಿಸ್ಬಿಡಿ, ಮಕ್ಕಳು ನೋಡೋದು ಬೇಡ."

"ಆಯ್ತು ಬುಡಿ," ಎಂದು ಎದ್ದರು.

ಆವತ್ತು ಸಂಜೆ ನಾನು ಅವರ ಜಗಲಿಯಲ್ಲೇ ಇದ್ದೆ. ಸೋಮಮ್ಮ ಅವರೆಕಾಯಿ ಬಿಡಿಸುತ್ತಿದ್ದರು.

"ನಿಂದೇ ಗೋಡೆಗೆ ನೀನೇ ಸುಣ್ಣ ಒಡೀತೀಯಾ? ನಾಚ್ಕೆ ಆಗಲ್ವಾ ನಿಂಗೆ?"

"ಬ್ಯಾರೆಯೋನು ಒಡುದ್ರೆ ಅಡ್ಡಾದಿಡ್ಡಿ ಒಡೀತಾನೆ ಕಣಮ್ಮಿ."

"ಓ, ಅಳ್ಸೋದ್ರಲ್ಲೂ ನೀಟು ಬೇಕು ಇವ್ನಿಗೆ! ಬರಿಯೋವಾಗ ಎಲ್ಲೋಗಿತ್ತು ನಿನ್ ನೀಟು? ಆನೆಗೆ ತಲೆ ಇಡಕ್ಕೆ ಜಾಗ ಸಿಗ್ನಿಲ್ಲ!"

ಚಿಕ್ಕಮಾದಯ್ಯ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸಲು ಹೋದರು. ಕೈ ನಡುಗಿ ಕಾಳು ಅಂಗಳದ ತುಂಬ ಚೆಲ್ಲಿತು. ಸೋಮಮ್ಮ ಬೈಯಲಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ಬೈಯದೆ ಬಿಟ್ಟ ಸಂದರ್ಭ ಅದೊಂದೇ ಇರಬೇಕು.

ಏಪ್ರಿಲ್‌ನಲ್ಲಿ ಕೆಲಸ ನಡೆಯಿತು. ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲಬೇಕಾದರೆ ಮೊದಲು ಉಪ್ಪುಕಾಗದ ಹಾಕಿ ಉಜ್ಜಿ ಗೋಡೆಯನ್ನು ಒರಟು ಮಾಡಿಕೊಳ್ಳಬೇಕು. ನುಣ್ಣಗಿದ್ದರೆ ಸುಣ್ಣ ಹಿಡಿಯುವುದಿಲ್ಲ, ಮಳೆ ಬಿದ್ದೊಡನೆ ಹಪ್ಪಳದಂತೆ ಏಳುತ್ತದೆ. ಇದು ಸುಣ್ಣದ ಕಸುಬಿನ ಮೊದಲ ಪಾಠ. ಚಿಕ್ಕಮಾದಯ್ಯ ಹನ್ನೆರಡು ದಿನ ಉಜ್ಜಿದರು. ಬಾಲ ಉಜ್ಜಿದರು, ಬೆನ್ನು ಉಜ್ಜಿದರು, ಹನ್ನೊಂದು ನಡುಗಡ್ಡೆಗಳನ್ನೂ ಸುತ್ತಲ ಸಮುದ್ರವನ್ನೂ ಉಜ್ಜಿದರು. ಆ ದಿನಗಳಲ್ಲಿ ಬೋಗಾದಿಯಲ್ಲಿ ಎದ್ದ ಬಣ್ಣದ ಧೂಳಿಗೆ ಕಾಗೆಗಳು ಹಸಿರಾದವು, ನಾನೇ ಒಂದನ್ನು ಗಿಣಿಯೆಂದು ತಪ್ಪು ತಿಳಿದೆ. ಆಮೇಲೆ ಎರಡು ಕೋಟು ಸುಣ್ಣ, ಗೋಂದು ಹಾಕಿ. ಧರಣಿ ಮೇಡಂ ಬಂದು ನೋಡಿದಾಗ ಗೋಡೆ ಹಾಲಿನಂತಿತ್ತು. ಫ್ಲೆಕ್ಸ್ ಬಂತು. ಅದರಲ್ಲಿ ಎಂಟು ನಿಜವಾದ ಪ್ರಾಣಿಗಳು ಸಾಲಾಗಿ ನಿಂತು, ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಂತೆ ನಮ್ಮನ್ನು ನೋಡುತ್ತಿದ್ದವು.

ಮೇ ಕೊನೆಯಲ್ಲಿ ಗಾಳಿಮಳೆ ಬಂತು. ಮೊದಲನೇ ದಿನವೇ ಫ್ಲೆಕ್ಸ್ ಕಿತ್ತುಕೊಂಡು ಹಾರಿತು. ನಂಜನಗೂಡಿನವರೆಗೆ ಹೋಗಿ ದರ್ಶನ ಮುಗಿಸಿ ಬಂತು ಎಂದು ನಾನು ಹೇಳುತ್ತೇನೆ, ಯಾರೂ ನಂಬುವುದಿಲ್ಲ. ಈಗ ಅದು ಬೋಗಾದಿ ರಸ್ತೆಯಲ್ಲಿ ಎಳನೀರು ಮಾರುವ ಸಣ್ಣಯ್ಯನ ಗಾಡಿಯ ಮೇಲೆ ಚಪ್ಪರವಾಗಿದೆ. ಸಿಂಹದ ಹೊಟ್ಟೆಯಲ್ಲಿ ಮಳೆನೀರು ನಿಂತು ಅದಕ್ಕೆ ಬಸುರಿಯ ಕಳೆ ಬಂದಿದೆ.

ಎರಡನೇ ಮಳೆಗೆ ಗೋಡೆಯ ಮೇಲೆ ಒಂದು ಕಣ್ಣು ಕಂಡಿತು.

ಅಷ್ಟು ದೊಡ್ಡ ಬಿಳಿ ಗೋಡೆಯಲ್ಲಿ ಒಂದೇ ಒಂದು ಕಪ್ಪು ಕಣ್ಣು, ಒಳಗೆ ಬಿಳಿ ಚುಕ್ಕೆ. ಮೂರನೇ ಮಳೆಗೆ ಏಳು. ಜೂನ್ ಮೊದಲ ವಾರ, ಶಾಲೆ ತೆರೆಯುವ ಹೊತ್ತಿಗೆ, ಮೂವತ್ತೊಂದೂ. ದೇಹವಿಲ್ಲ, ಬಾಲವಿಲ್ಲ, ಬರೀ ಕಣ್ಣು, ಎಲ್ಲವೂ ಧರಣಿ ಮೇಡಂ ಅವರ ಆಫೀಸಿನ ಬಾಗಿಲ ಕಡೆಗೇ. ಅವರು ಇನ್ನೊಬ್ಬ ಪೇಂಟರನ್ನು ಕರೆಸಿ ಮತ್ತೆರಡು ಕೋಟು ಹೊಡೆಸಿದರು. ಮಳೆ ಬಂತು, ಕಣ್ಣು ಬಂದವು. ಕೊನೆಗೆ ಚಿಕ್ಕಮಾದಯ್ಯನವರಿಗೇ ಫೋನು ಹೋಯಿತು. ನಾನೂ ಜೊತೆಗೆ ಹೋದೆ. ಇಂಥದ್ದನ್ನು ತಪ್ಪಿಸಿಕೊಂಡರೆ ಅನ್ನ ಮೈಗೆ ಹತ್ತುವುದಿಲ್ಲ.

"ಏನ್ ತಾತ ಇದು?"

"ಕಣ್ಣು ಮೇಡಂ."

"ಅದು ಕಾಣ್ತಿದೆ. ಉಜ್ಜಿರಲಿಲ್ವಾ?"

"ಎಲ್ಲಾನೂ ಉಜ್ಜಿದ್ದೆ. ಕಣ್ಣು ಉಜ್ಜನಿಲ್ಲ."

"ಯಾಕೆ?"

ಚಿಕ್ಕಮಾದಯ್ಯ ಅವರನ್ನೇ ದಿಟ್ಟಿಸಿ ನೋಡಿದರು. "ಕಣ್ಣಿಗೆ ಎಂಗೆ ಮೇಡಂ ಉಪ್ಪುಕಾಗ್ದ ಆಕೋದು? ಉರಿಯಲ್ವಾ?"

ಅಷ್ಟರಲ್ಲಿ ಗೇಟಿನ ಹತ್ತಿರ ಪ್ರಸಾದ್ ಅವರ ದನಿ ಕೇಳಿಸಿತು. ವರ್ಷಿಣಿ ಈಗ ಇಲ್ಲಿಯೇ ಒಂದನೇ ತರಗತಿ. ಅವಳನ್ನು ಬಿಡಲು ಬಂದವರು ಗೇಟಿನ ನಡುವೆ ಹೆಲ್ಮೆಟ್ ಹಿಡಿದು ನಿಂತೇ ಶುರು ಮಾಡಿದರು. "ಏನ್ ಮೇಡಂ, ಗೋಡೆ ಕ್ಲೀನ್ ಮಾಡಿಸ್ತೀನಿ ಅಂದ್ರಿ? ಮೊದ್ಲಾದ್ರೂ ಪ್ರಾಣಿ ಇತ್ತು, ಈಗ ಬರೀ ದೆವ್ವ ನೋಡ್ದಂಗಿದೆ!"

"ಇವತ್ತೇ ಮಾಡಿಸ್ತೀನಿ ಸರ್. ತಾತ, ಉಪ್ಪುಕಾಗದ ತಂದಿದೀರಾ?"

"ತಂದಿವ್ನಿ," ಎಂದು ಚಿಕ್ಕಮಾದಯ್ಯ ಚೀಲ ತಟ್ಟಿದರು. "ಆದ್ರೆ ಎಸ್ರು ಇಟ್ಟೋರ್ನ ಒಂದ್ ಮಾತು ಕೇಳ್ಬೇಕು ಮೇಡಂ. ಅವ್ರು ಏಳಿದ್ಮೇಲೆ ಇಟ್ಟಿದ್ದು. ಅವ್ರು ಏಳಿದ್ರೆ ತಗೀತೀನಿ." ಮಂಡಿಯನ್ನು ಹಿಡಿದುಕೊಂಡು ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳು ಒಂದು ಕಣ್ಣಿನ ಕಡೆಗೆ ಚಾಚಿತ್ತು. "ಇದ್ ಯಾರ್ದವ್ವ?"

"ಗಂಟೆಹುಲೀದು!" ಎಂದು ಇಡೀ ಅಂಗಳ ಕೂಗಿತು.

"ಇದು?"

"ನಲ್ಲಿಗುದ್ರೆ!"

ಹೇಳಿದರೆ ಸಾಲದು, ತೋರಿಸಬೇಕು ಅನ್ನಿಸಿತೋ ಏನೋ, ಒಂದು ಮಗು ತರಗತಿಯಿಂದ ಸೀಮೆಸುಣ್ಣ ತಂದು ಕಣ್ಣಿನ ಸುತ್ತ ಮುಖ ಬರೆಯಿತು. ಎರಡು ನಿಮಿಷದಲ್ಲಿ ಡಬ್ಬಿ ಖಾಲಿ. ಕೆಂಪು, ಹಳದಿ, ನೀಲಿ ಸೀಮೆಸುಣ್ಣ ಹಿಡಿದ ನಲವತ್ತು ಕೈಗಳು ಗೋಡೆಯ ಮೇಲೆ. ಧರಣಿ ಮೇಡಂ "ಮಕ್ಕಳೇ, ಮಕ್ಕಳೇ" ಎಂದದ್ದು ಯಾರಿಗೂ ಕೇಳಿಸಲಿಲ್ಲ. ಚಿಕ್ಕಮಾದಯ್ಯ ಕೂತಲ್ಲೇ ಇದ್ದರು. ಉಪ್ಪುಕಾಗದ ಚೀಲದಲ್ಲೇ ಇತ್ತು.

ವರ್ಷಿಣಿ ಮಾತ್ರ ಬರೆಯಲು ಹೋಗಲಿಲ್ಲ. ಗೇಟಿನ ಆಚೆಯ ಕಂಬದ ಮೇಲಿನ ಕಣ್ಣನ್ನು ನೋಡಿದಳು, ಗೇಟಿನ ನಡುವೆ ನಿಂತಿದ್ದ ಅಪ್ಪನನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು.

"ಅಪ್ಪಾ! ಆನೆ ಹೊಟ್ಟೇಲಿ ನಿಂತಿದ್ದೀಯ. ಅದಕ್ಕೆ ನೋಯತ್ತೆ. ಈಚೆಗೆ ಬಾ."

ಪ್ರಸಾದ್ "ಸಾರಿ" ಎಂದು ಥಟ್ಟನೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

ಸರಿದ ಮೇಲೆ ಅವರಿಗೆ ತಾವು ಮಾಡಿದ್ದೇನೆಂದು ಗೊತ್ತಾಯಿತು. ಕಾಲು ನೋಡಿಕೊಂಡರು. ಖಾಲಿ ಗೇಟು ನೋಡಿದರು. ಕಾರ್ಖಾನೆಯಲ್ಲಿ ಅರವತ್ತು ಜನರ ಮೇಲೆ ಸೂಪರ್‌ವೈಸರ್ ಆಗಿರುವ ಮನುಷ್ಯ, ಹೆಲ್ಮೆಟ್ ಎದೆಗವಚಿಕೊಂಡು, ಇಲ್ಲದ ಆನೆಗೆ ದಾರಿ ಬಿಟ್ಟು ನಿಂತಿದ್ದರು. ಮೊದಲು ನಕ್ಕವರು ಧರಣಿ ಮೇಡಂ. ಆಮೇಲೆ ಪ್ರಸಾದ್ ಅವರೇ ನಕ್ಕರು, ಸ್ವಲ್ಪ ತಡವಾಗಿ, ಕಿವಿ ಕೆಂಪಗೆ ಮಾಡಿಕೊಂಡು.

"ಕೆಲ್ಸಕ್ಕೆ ಹೊತ್ತಾಯ್ತು," ಎಂದು ಸ್ಕೂಟರು ಹತ್ತಿದವರು, ಹೆಲ್ಮೆಟ್ಟಿನ ಒಳಗಿಂದಲೇ ಹೇಳಿದರು: "ಇರ್ಲಿ ಬಿಡಿ ಮೇಡಂ ಗೋಡೆ. ಆದ್ರೆ ಜಿರಾಫೆ ಕೆಳಗೆ 'ಇದು ನಡುಗಡ್ಡೆಯದು' ಅಂತ ಬರೆಸಿ. ನಮ್ಗೂ ಹೇಳಕ್ಕೆ ಒಂದ್ ಆಧಾರ ಬೇಕು."

ಧರಣಿ ಮೇಡಂ ಚಿಕ್ಕಮಾದಯ್ಯನ ಮುಂದೆ ಬಂದು ನಿಂತರು. "ತಾತ, ಆ ಉಪ್ಪುಕಾಗದ ಮನೆಗೆ ತಗೊಂಡ್ ಹೋಗಿ. ಬಣ್ಣ ತನ್ನಿ."

ಚಿಕ್ಕಮಾದಯ್ಯ ಎದ್ದು ಗೋಡೆಯ ಉದ್ದಕ್ಕೂ ನಡೆದರು. ಮಕ್ಕಳು ಕಣ್ಣಿನಿಂದ ಶುರು ಮಾಡಿದ್ದರು. ಮುಖಗಳೆಂದರೆ ಅಂಥ ಮುಖಗಳು, ಹಲ್ಲು, ಮೀಸೆ, ಕಿವಿಯ ಓಲೆ, ಒಂದಕ್ಕೆ ಕನ್ನಡಕ ಬೇರೆ. ಕತ್ತು ಧಾರಾಳ, ಹೊಟ್ಟೆ ಪರವಾಗಿಲ್ಲ. ಅಲ್ಲಿಗೆ ಪಕ್ಕದ ಪ್ರಾಣಿಯ ಮುಖ ಬಂದಿತ್ತು, ಅಥವಾ ಕಿಟಕಿ. ಮೂವತ್ತೊಂದರಲ್ಲಿ ಒಂದಕ್ಕೂ ಬಾಲವಿರಲಿಲ್ಲ.

"ಅಯ್ಯೋ ನಿಮ್ಮ," ಎಂದು ಹಣೆ ಬಡಿದುಕೊಂಡರು. "ಜಾಗ ನೋಡ್ಕಂಡು ಬರಿಯದು ಬ್ಯಾಡ್ವಾ? ಬಾಲ ಎಲ್ಲಿ ಮಡಗಾನ ಈಗ?"

ಅವರು ಅಷ್ಟು ಸಂತೋಷವಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನದಿಂದ ಒಂದು ವಾರ ಚಿಕ್ಕಮಾದಯ್ಯ ಮಕ್ಕಳ ಸೀಮೆಸುಣ್ಣದ ಗೆರೆಗಳ ಮೇಲೆ ಬಣ್ಣ ಎಳೆದು, ಬಾಲಗಳನ್ನು ಬರೆದರು. ಕಿಟಕಿಯ ಮೇಲೆ, ನಲ್ಲಿಯ ಕೆಳಗೆ, ಒಂದರ ಬಾಲ ಇನ್ನೊಂದರ ಕಿವಿಯ ಹಿಂದೆ. ಸೋಮಮ್ಮ ಬಣ್ಣದ ಡಬ್ಬ ಹಿಡಿದು ಪಕ್ಕದಲ್ಲಿ ನಿಂತು, "ಅಲ್ಲಲ್ಲ, ಇತ್ಲಾಗೆ. ಕೈ ಅಲ್ಲಾಡ್ಸ್‌ಬ್ಯಾಡ" ಎಂದು ಬೈಯುತ್ತಿದ್ದರು. ಕೈ ನಡುಗಿದ್ದರಿಂದ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ನೀವು ಹೋಗಿ ನೋಡಿದರೆ ಆ ಬಾಲಗಳು ಅಲ್ಲಾಡುತ್ತಿರುವಂತೆಯೇ ಕಾಣುತ್ತವೆ. ಮೂವತ್ತೊಂದೂ ಅಲ್ಲಾಡುತ್ತವೆ, ನೊಣವಿಲ್ಲದಿದ್ದರೂ. ಹೋಗುವವರು ಗೇಟಿನ ನಡುವೆ ಮಾತ್ರ ನಿಲ್ಲಬೇಡಿ.